ಸೈಕಲ್ ಸರ್ವಿಸ್‌ಗೆ ಬಿಡುತ್ತೀರಾ? ಹಳೇ ಪಾರ್ಟ್ ಎಲ್ಲಿ ಅಂತ ಕೇಳಿಯೇ ದುಡ್ಡು ಕೊಡಿ

ಸರ್ವಿಸ್ ಮಾಡಿಸಿಕೊಂಡು ಬಂದ ಮರುದಿನವೇ ಸೈಕಲ್ಲಿನಿಂದ ಬಿದ್ದೆ. ಎಡ ಪೆಡಲ್ ಕ್ರ್ಯಾಂಕಿನಿಂದ, ಅಂದರೆ ಪೆಡಲ್ ಕೂರುವ ತೋಳಿನಿಂದ, ಕಿತ್ತು ಬಂತು. ಏರು ಹತ್ತುತ್ತಿದ್ದೆ, ಸೀಟಿನಿಂದ ಎದ್ದು ಪೂರ್ತಿ ಮೈಭಾರ ಹಾಕಿ ತುಳಿಯುತ್ತಿದ್ದೆ. ವೇಗ ಇರಲಿಲ್ಲ, ಹಿಂದೆ ಗಾಡಿ ಇರಲಿಲ್ಲ, ಹಾಗಾಗಿ ಮಂಡಿ ತರಚಿದ್ದಕ್ಕೇ ಮುಗಿಯಿತು. ಇದೇ ಇಳಿಜಾರಿನಲ್ಲಿ ಆಗಿದ್ದರೆ ಈ ಬರಹವನ್ನು ಬೇರೆ ಯಾರಾದರೂ ಬರೆಯಬೇಕಾಗುತ್ತಿತ್ತೋ ಏನೋ.

ಅಂಗಡಿಯ ಹೆಸರು ಹೇಳುವುದಿಲ್ಲ. ಹೇಳಿದರೆ ಅದೊಂದು ಅಂಗಡಿಗೆ ಹೋಗದಿದ್ದರೆ ಸಾಕು ಅಂದುಕೊಳ್ಳುತ್ತೀರಿ. ನನಗಾದದ್ದನ್ನು ಗೆಳತಿಯರಿಗೆ ಹೇಳಿದಾಗ ಮೂವರಲ್ಲಿ ಇಬ್ಬರು "ಅಯ್ಯೋ, ನನಗೂ ಹೀಗೇ ಆಗಿತ್ತು" ಅಂದರು. ಅವರು ಹೋಗಿದ್ದು ಬೇರೆ ಬೇರೆ ಅಂಗಡಿಗಳಿಗೆ.

ನನ್ನ ತಕರಾರು ಇದ್ದದ್ದು ಒಂದೇ. ಜೋರಾಗಿ ತುಳಿದಾಗ ಚೈನು ಹಲ್ಲಿನ ಮೇಲಿಂದ ‘ಟಕ್’ ಅಂತ ಜಾರುತ್ತಿತ್ತು. ಹಿಂದುಗಡೆ 9 ಗೇರಿನ ಸೈಕಲ್ಲು, ತೆಗೆದುಕೊಂಡು 4 ವರ್ಷವಾಗಿತ್ತು, ಒಮ್ಮೆಯೂ ಚೈನು ಬದಲಿಸಿರಲಿಲ್ಲ. ಇದು ನನ್ನದೇ ಸೋಮಾರಿತನ, ಒಪ್ಪುತ್ತೇನೆ. ಅಂಗಡಿಯ ಯಜಮಾನರಿಗೆ ಇಷ್ಟು ಹೇಳಿದೆ. ಅವರು ಫೋನಿನಿಂದ ತಲೆ ಎತ್ತದೆ "ಬಿಟ್ಟು ಹೋಗಿ" ಅಂದರು. ಎಷ್ಟಾಗಬಹುದು ಅಂತ ಕೇಳಿದೆ. "ಬಿಚ್ಚಿದ ಮೇಲೆ ಗೊತ್ತಾಗೋದು ಮೇಡಂ."

ಈ ಉತ್ತರದಲ್ಲಿ ತಪ್ಪಿಲ್ಲ. ಬಿಚ್ಚದೆ ಹೇಳಲಾಗದ ಎಷ್ಟೋ ಸಂಗತಿಗಳಿರುತ್ತವೆ. ಆದರೆ ಅದರ ಬೆನ್ನಿಗೇ "ಬಿಚ್ಚಿ ನೋಡಿ ಫೋನ್ ಮಾಡ್ತೀವಿ, ನೀವು ಹೂಂ ಅಂದ ಮೇಲೆ ಮುಂದಿನ ಕೆಲಸ" ಅನ್ನುವ ಮಾತು ಬರಬೇಕು. ಬರಲಿಲ್ಲ, ನಾನೂ ಕೇಳಲಿಲ್ಲ. ಚೀಟಿ ಕೊಡಲಿಲ್ಲ, ಅದನ್ನೂ ಕೇಳಲಿಲ್ಲ. ನಾನು ಮಾಡಿದ ಒಂದೇ ಬುದ್ಧಿವಂತಿಕೆ ಅಂದರೆ, ಎಲ್ಲೆಲ್ಲಿ ಗೀರಾಗಿದೆ ಅಂತ ನೆನಪಿರಲಿ ಎಂದು ಸೈಕಲ್ಲಿನ ಎರಡೂ ಕಡೆಯ ಫೋಟೋ ಹೊಡೆದುಕೊಂಡದ್ದು. ಅದೂ ಗೀರಿನ ಯೋಚನೆಯಲ್ಲೇ ಹೊರತು ಬೇರೆ ಅನುಮಾನದಿಂದಲ್ಲ.

ಎರಡು ದಿನ ಅಂದದ್ದು ಹನ್ನೊಂದು ದಿನವಾಯಿತು. ಪಾರ್ಟ್ ಬಂದಿಲ್ಲ. ಹುಡುಗ ರಜೆ. ನಾಳೆ ಪಕ್ಕಾ. ಆ ‘ನಾಳೆ ಪಕ್ಕಾ’ವನ್ನು ನಾಲ್ಕು ಸಲ ಕೇಳಿದೆ. ಏಳನೆಯ ದಿನವೋ ಎಂಟನೆಯ ದಿನವೋ ಆ ದಾರಿಯಲ್ಲೇ ಹೋಗುತ್ತಿದ್ದಾಗ ನನ್ನ ಸೈಕಲ್ಲು ಹೊರಗೆ ಸಾಲಿನಲ್ಲಿ ನಿಂತಿತ್ತು. ಪೆಡಲ್ ಎರಡೂ ಇರಲಿಲ್ಲ. ಕೇಳಿದರೆ, "ಜಾಗ ಸಾಲಲ್ಲ ಮೇಡಂ, ಪೆಡಲ್ ಬಿಚ್ಚಿದ್ರೆ ಒತ್ತೊತ್ತಾಗಿ ನಿಲ್ಲಿಸ್ಬಹುದು" ಅಂದರು. ಗೇರಿನ ಕೆಲಸಕ್ಕೂ ಪೆಡಲ್ಲಿಗೂ ಸಂಬಂಧವಿಲ್ಲ. ನನ್ನ ಮಂಡಿ ತರಚಿದ್ದು ಅವರ ಜಾಗದ ಅಭಾವಕ್ಕೆ ಅಂತ ಆಗ ನನಗೆ ಗೊತ್ತಿರಲಿಲ್ಲ.

ಕೊನೆಗೆ ಕರೆದದ್ದು ಅಂಗಡಿ ಮುಚ್ಚುವ ಹೊತ್ತಿಗೆ. ಶಟರ್ ಅರ್ಧ ಎಳೆದಿದ್ದರು. ಬಿಲ್ಲಿನಲ್ಲಿ ಐದು ಸಾಲು: ಚೈನು, ಕ್ಯಾಸೆಟ್, ನಾಲ್ಕು ಬ್ರೇಕ್ ಶೂ, ಗೇರ್ ಕೇಬಲ್, ಜನರಲ್ ಸರ್ವಿಸ್. ಕ್ಯಾಸೆಟ್ ಅಂದರೆ ಹಿಂದಿನ ಗಾಲಿಗೆ ಕೂರುವ ಹಲ್ಲುಚಕ್ರಗಳ ಗೊಂಚಲು. ಬ್ರೇಕ್ ಬಗ್ಗೆ ನಾನು ಬಾಯೇ ಬಿಟ್ಟಿರಲಿಲ್ಲ. ಜನರಲ್ ಸರ್ವಿಸ್ ಅಂದರೆ ಏನೇನು ಅಂತ ಕೇಳಿದ್ದಕ್ಕೆ "ಎಲ್ಲಾ ನೋಡಿದೀವಿ" ಅಂತ ಉತ್ತರ. ಹನ್ನೊಂದು ದಿನ ಕಾದು ಸಾಕಾಗಿತ್ತು. ದುಡ್ಡು ಕೊಟ್ಟೆ, ಸೈಕಲ್ಲು ತಳ್ಳಿಕೊಂಡೇ ಮನೆಗೆ ಬಂದೆ. ಕತ್ತಲಲ್ಲಿ ಓಡಿಸಿ ನೋಡಲಿಲ್ಲ. ನನ್ನ ದೊಡ್ಡ ತಪ್ಪು ಇದೇ.

ಬೆಳಿಗ್ಗೆ ಗೇಟಿನ ಹತ್ತಿರವೇ ಮೊದಲ ಸೂಚನೆ ಸಿಕ್ಕಿತು. ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್ಲಿಗೇ ಬಂದು ತಗಲಿತು, ಗಾಲಿ ಮಾತ್ರ ಆರಾಮಾಗಿ ಉರುಳುತ್ತಿತ್ತು. ಇಳಿದು ನೋಡಿದರೆ ಬ್ರೇಕ್ ಕೊಕ್ಕೆ ಹಾಕಿಯೇ ಇಲ್ಲ. ನನ್ನದು ವಿ-ಬ್ರೇಕ್. ಗಾಲಿಯ ಎರಡು ಬದಿಗೂ ಒಂದೊಂದು ತೋಳು, ಮೇಲೆ ಅವೆರಡನ್ನೂ ಸೇರಿಸುವ ಬಾಗಿದ ಸಣ್ಣ ಲೋಹದ ಕೊಳವೆ. ಗಾಲಿ ತೆಗೆಯುವಾಗ ಆ ಕೊಳವೆಯನ್ನು ಕೊಕ್ಕೆಯಿಂದ ಬಿಡಿಸುತ್ತಾರೆ, ಗಾಲಿ ಹಾಕಿದ ಮೇಲೆ ಮತ್ತೆ ಸಿಕ್ಕಿಸಬೇಕು. ಎರಡು ಸೆಕೆಂಡಿನ ಕೆಲಸ. ಅದನ್ನು ಮರೆತರೆ ಆ ಬ್ರೇಕ್ ಇದ್ದೂ ಇಲ್ಲದ ಹಾಗೆ. ಹೊಸ ಶೂ ಹಾಕಿದ್ದರು ನಿಜ, ಆದರೆ ಶೂ ರಿಮ್ಮಿಗೆ ತಾಗುತ್ತಲೇ ಇರಲಿಲ್ಲ. ನಾನೇ ಸಿಕ್ಕಿಸಿಕೊಂಡೆ. ಆಗಲೇ ಸೈಕಲ್ಲನ್ನು ವಾಪಸ್ ಒಳಗಿಡಬೇಕಿತ್ತು. ಕೆಲಸಕ್ಕೆ ಹೊತ್ತಾಗಿತ್ತು, ಹೊರಟೆ.

ಚೈನು ಮೊದಲಿಗಿಂತ ಜಾಸ್ತಿ ಜಾರುತ್ತಿತ್ತು. ಜೊತೆಗೆ ಎಡಗಾಲಿನ ಕೆಳಗೆ ಏನೋ ಓರೆ ಅನ್ನಿಸುತ್ತಿತ್ತು, ಒಂದು ಬದಿ ಸವೆದ ಚಪ್ಪಲಿ ಹಾಕಿದ ಹಾಗೆ. ಹೊಸದಾಗಿ ಬಿಗಿ ಮಾಡಿದ್ದಾರೆ, ಸರಿಹೋಗುತ್ತೆ ಅಂದುಕೊಂಡೆ. ಆಮೇಲಿನದು ಆಗಲೇ ಹೇಳಿದ್ದೇನೆ.

ಕೈಗೆ ಬಂದ ಪೆಡಲ್ ತಿರುಗಿಸಿ ನೋಡಿದರೆ ಅದರ ದಂಡದ ಮೇಲೆ ‘ಆರ್’ ಅಂತ ಅಚ್ಚು. ಎಡಗಡೆ ಕ್ರ್ಯಾಂಕಿಗೆ ಬಲಗಡೆಯ ಪೆಡಲ್! ಇದು ಸೈಕಲ್ ಕೆಲಸದ ಅಆಇಈ. ಬಲ ಪೆಡಲ್ಲಿನ ಮರೆ, ಅಂದರೆ ತಿರುಪಿನ ಥ್ರೆಡ್, ಎಲ್ಲ ನಟ್ಟು ಬೋಲ್ಟುಗಳ ಹಾಗೆ ಇರುತ್ತದೆ. ಎಡ ಪೆಡಲ್ಲಿನದು ಉಲ್ಟಾ ಮರೆ, ಅದನ್ನು ಬಿಗಿ ಮಾಡಲು ಅಪ್ರದಕ್ಷಿಣೆಯಾಗಿ ತಿರುಗಿಸಬೇಕು. ತುಳಿಯುತ್ತಾ ತುಳಿಯುತ್ತಾ ತಾನಾಗಿಯೇ ಕಳಚಿಕೊಳ್ಳಬಾರದು ಅಂತಲೇ ಹಾಗೆ ಮಾಡಿರುವುದು. ನೆನಪಿಟ್ಟುಕೊಳ್ಳುವ ಸುಲಭ ದಾರಿ: ಮೇಲಕ್ಕೆ ನಿಂತ ಸ್ಪ್ಯಾನರನ್ನು ಮುಂದಿನ ಗಾಲಿಯ ಕಡೆ ತಳ್ಳಿದರೆ ಎರಡೂ ಬಿಗಿಯಾಗುತ್ತವೆ, ಹಿಂದಿನ ಗಾಲಿಯ ಕಡೆ ತಳ್ಳಿದರೆ ಎರಡೂ ಸಡಿಲ. ಅದಲು ಬದಲು ಹಾಕಿದರೆ ಬೆರಳಲ್ಲಿ ಒಂದು ಸುತ್ತೂ ಒಳಗೆ ಹೋಗುವುದಿಲ್ಲ. ಸ್ಪ್ಯಾನರ್ ಹಾಕಿ ಒತ್ತಿದರೆ ಹೋಗುತ್ತದೆ, ಯಾಕೆಂದರೆ ಪೆಡಲ್ಲಿನ ದಂಡ ಉಕ್ಕು, ಕ್ರ್ಯಾಂಕ್ ಅಲ್ಯೂಮಿನಿಯಂ. ಉಕ್ಕು ಅಲ್ಯೂಮಿನಿಯಮ್ಮಿನ ಮರೆಯನ್ನು ತಿಂದುಕೊಂಡು ಒಳನುಗ್ಗುತ್ತದೆ. ಹೊರಗಿನಿಂದ ನೋಡಿದವರಿಗೆ ಭದ್ರವಾಗಿ ಕೂತ ಹಾಗೇ ಕಾಣುತ್ತದೆ.

ಸೈಕಲ್ಲು ತಳ್ಳಿಕೊಂಡು ಅಂಗಡಿಗೆ ಹೋದೆ. ಯಜಮಾನರು ಪೆಡಲ್ ನೋಡಿದರು, ಕ್ರ್ಯಾಂಕಿನ ತೂತು ನೋಡಿದರು. "ಸಡಿಲ ಇದ್ರೂ ಹಾಗೇ ಓಡಿಸಿದೀರ. ಅದಕ್ಕೇ ಥ್ರೆಡ್ ಹೋಗಿದೆ."

"ಇದರ ಮೇಲೆ ‘ಆರ್’ ಅಂತ ಇದೆಯಲ್ಲ?"

"ಮೇಡಂ, ಇದೆಲ್ಲ ನಿಮಗೆ ಹೇಳಿದ್ರೆ ಅರ್ಥ ಆಗಲ್ಲ. ಮನೆಯವರನ್ನ ಕಳಿಸಿ, ಅವರ ಹತ್ರ ಮಾತಾಡ್ತೀನಿ."

ನಮ್ಮ ಮನೆಯವರಿಗೆ ಸೈಕಲ್ಲಿಗೆ ಗಾಳಿ ಹೊಡೆಯಲೂ ಬರುವುದಿಲ್ಲ. ಇದನ್ನು ಅಲ್ಲೇ ಹೇಳಿದೆ ಕೂಡ. ಅಲ್ಲಿದ್ದ ಇನ್ನೊಬ್ಬ ಗಿರಾಕಿ ನಕ್ಕರು, ಯಜಮಾನರು ನಗಲಿಲ್ಲ. ಮೂಲೆಯಲ್ಲಿ ಟ್ಯೂಬು ಉಜ್ಜುತ್ತಾ ಕೂತಿದ್ದ ಹುಡುಗ ಮಾತ್ರ ನೆಲ ನೋಡುತ್ತಿದ್ದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಆ ಅಕ್ಷರಗಳು ಯಾಕಿವೆ ಅಂತ ಅವನಿಗೆ ಯಾರೂ ಹೇಳಿಕೊಟ್ಟಿರಲಿಕ್ಕಿಲ್ಲ. ಕೈ ತಪ್ಪುವುದು ಯಾರಿಗಾದರೂ ಆಗುತ್ತದೆ. "ಹೌದು, ನಮ್ಮ ಕಡೆಯಿಂದ ಆಗಿದೆ" ಅಂತ ಯಜಮಾನರು ಒಂದು ಮಾತು ಹೇಳಿದ್ದರೆ ನಾನು ಇಷ್ಟೆಲ್ಲ ಬರೆಯುತ್ತಲೇ ಇರಲಿಲ್ಲ.

ಅಲ್ಲೇ ನಿಂತಿದ್ದಾಗ ಕ್ಯಾಸೆಟ್ ಮೇಲೆ ಕಣ್ಣು ಹೋಯಿತು. ಚೆನ್ನಾಗಿ ತೊಳೆದಿದ್ದರು, ಫಳಫಳ ಹೊಳೆಯುತ್ತಿತ್ತು. ಆದರೆ ಎಲ್ಲಕ್ಕಿಂತ ದೊಡ್ಡ ಚಕ್ರದಲ್ಲಿ ಒಂದು ಹಲ್ಲಿನ ತುದಿ ಮುರಿದಿತ್ತು. ಆ ಮುರಿದ ಹಲ್ಲು ನನಗೆ ಗುರುತು. ಫೋನ್ ತೆಗೆದು ಹನ್ನೆರಡು ದಿನ ಹಿಂದಿನ ಫೋಟೋ ದೊಡ್ಡದು ಮಾಡಿದೆ. ಅದೇ ಹಲ್ಲು, ಅದೇ ಮುರುಕು. ಹೊಸದು ಅಂತ ದುಡ್ಡು ತೆಗೆದುಕೊಂಡು ನನ್ನ ಹಳೆಯದನ್ನೇ ತೊಳೆದು ಹಾಕಿದ್ದರು.

ಹಳೇ ಕ್ಯಾಸೆಟ್ ಕೊಡಿ ಅಂತ ಮೊದಲು ಕೇಳಿದೆ, ಫೋಟೋ ತೋರಿಸದೆ. "ಅದನ್ನ ಗುಜರಿಗೆ ಹಾಕ್ಬಿಟ್ವಿ ಮೇಡಂ." ಆಮೇಲೆ ಫೋಟೋ ತೋರಿಸಿದೆ. ತುಸು ಹೊತ್ತು ಮಾತಿಲ್ಲ. "ಬಿಲ್ ಬರೆಯೋವಾಗ ಹುಡುಗ ತಪ್ಪು ಮಾಡಿರ್ಬೇಕು" ಅಂದರು. ಬಿಲ್ಲಿನ ಕೈಬರಹ ಅವರದ್ದೇ. ನಾನು ಎದುರಿಗೆ ನಿಂತಿದ್ದಾಗಲೇ ಬರೆದಿದ್ದರು.

ಚೈನು ಜಾಸ್ತಿ ಜಾರಿದ್ದು ಯಾಕೆ ಅಂತ ಆಮೇಲೆ ಬೇರೊಬ್ಬ ಮೆಕ್ಯಾನಿಕ್ ಬಿಡಿಸಿ ಹೇಳಿದರು. ಚೈನು ಎಳೆದುಹೋಗಿದೆ ಅನ್ನುತ್ತೇವೆ, ಆದರೆ ಕಬ್ಬಿಣವೇನೂ ಎಳೆದುಕೊಳ್ಳುವುದಿಲ್ಲ. ಕೊಂಡಿಕೊಂಡಿಯ ಪಿನ್ನು ಸ್ವಲ್ಪ ಸ್ವಲ್ಪ ಸವೆದು, ಒಟ್ಟು ಸೇರಿದಾಗ ಚೈನು ಉದ್ದವಾಗುತ್ತದೆ. ಹಾಗೆ ಉದ್ದವಾದ ಚೈನಿನ ಜೊತೆ ಓಡಿದ ಹಲ್ಲುಗಳೂ ಅದರ ಅಳತೆಗೇ ಸವೆದು ಒಂದು ಕಡೆಗೆ ವಾಲಿಕೊಳ್ಳುತ್ತವೆ. ಇಬ್ಬರೂ ಸೇರಿ ಹೇಗೋ ಸಂಸಾರ ನಡೆಸುತ್ತಿರುತ್ತಾರೆ. ಅಲ್ಲಿಗೆ ಹೊಸ ಚೈನು ತಂದು ಹಾಕಿದರೆ ಅದರ ಕೊಂಡಿ ಆ ಸವೆದ ಹಲ್ಲಿನಲ್ಲಿ ಕೂರುವುದಿಲ್ಲ, ಒತ್ತಡ ಬಿದ್ದಾಗ ಹತ್ತಿ ಜಾರುತ್ತದೆ. ಅಂದರೆ ಆ ಅಂಗಡಿಯವರಿಗೆ ಕ್ಯಾಸೆಟ್ ಬದಲಿಸಬೇಕು ಅಂತ ಗೊತ್ತಿತ್ತು. ಬಿಲ್ಲಿನಲ್ಲಿ ಬರೆದದ್ದೇ ಸಾಕ್ಷಿ. ಗೊತ್ತಿದ್ದೂ ಬದಲಿಸಲಿಲ್ಲ.

ಈ ಸವೆತ ನೋಡಲು ಯಾರನ್ನೂ ನಂಬಬೇಕಾಗಿಲ್ಲ, ಮನೆಯಲ್ಲಿ ಒಂದು ಸ್ಟೀಲ್ ಸ್ಕೇಲ್ ಇದ್ದರೆ ಸಾಕು. ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್. ಚೈನನ್ನು ಬಿಗಿಯಾಗಿ ಹಿಡಿದು ಒಂದು ಪಿನ್ನಿನ ನಡುವೆ ಸೊನ್ನೆ ಇಟ್ಟು, ಆ ಪಿನ್ನನ್ನು ಬಿಟ್ಟು ಎಣಿಸಿದರೆ 24ನೆಯ ಪಿನ್ನು ಸರಿಯಾಗಿ 12 ಇಂಚಿಗೆ ಬರಬೇಕು. ಒಂದು ಇಂಚಿನ 1/16 ಭಾಗ ದಾಟಿದ್ದರೆ ಚೈನು ಬದಲಿಸುವ ಸಮಯ. 1/8 ಭಾಗ ದಾಟಿದ್ದರೆ ಹೆಚ್ಚುಕಡಿಮೆ ಕ್ಯಾಸೆಟ್ಟೂ ಹೋಗಿದೆ ಅಂತಲೇ ಲೆಕ್ಕ. ಸೈಕಲ್ ರಿಪೇರಿಗೆ ಕೊಡುವ ಮುಂಚೆ ಇದನ್ನು ಅಳೆದುಕೊಂಡು ಹೋಗಿ, ಆ ಸಂಖ್ಯೆಯನ್ನು ಮಾತಿನಲ್ಲಿ ಹೇಳಿ. "ಚೈನು 1/16 ದಾಟಿದೆ" ಅಂದ ಗಿರಾಕಿಯ ಮುಂದೆ "ನಿಮಗೆ ಅರ್ಥ ಆಗಲ್ಲ" ಅನ್ನುವುದು ಸ್ವಲ್ಪ ಕಷ್ಟ.

ಎರಡನೆಯ ಮೆಕ್ಯಾನಿಕ್ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಇಲ್ಲದಿದ್ದರೆ ಈ ಕಸುಬಿನವರೆಲ್ಲ ಹೀಗೇ ಅಂತ ನಾನು ಹೇಳಿದ ಹಾಗಾಗುತ್ತದೆ. ವಿಮಾನ ಹಾರಿಸಿದ ರೈಟ್ ಸಹೋದರರು 1892ರಲ್ಲಿ ಅಮೆರಿಕದ ಡೇಟನ್ ಊರಿನಲ್ಲಿ ಅಂಗಡಿ ಹಾಕಿದ್ದೂ ಸೈಕಲ್ಲಿನದೇ. ಕಣ್ಣು ಕೈ ಎರಡೂ ಚುರುಕಾಗಿರಬೇಕಾದ ಕೆಲಸ ಇದು. ಈ ಮನುಷ್ಯ ಸೈಕಲ್ಲನ್ನು ಸ್ಟ್ಯಾಂಡಿಗೆ ಹಾಕಿದವರೇ ಮೊದಲು ಪೆಡಲ್ ಕೈಯಲ್ಲಿ ತಿರುಗಿಸಿ ನೋಡಿದರು, ಬ್ರೇಕ್ ಹಿಡಿದು ನೋಡಿದರು, ಆಮೇಲೆ ನನ್ನ ಕಡೆ ತಿರುಗಿ "ಎಲ್ಲಿ ಬಿದ್ರಿ?" ಅಂದರು. ಬಲಗಡೆ ಕ್ರ್ಯಾಂಕಿನ ಮರೆ ಅರ್ಧ ಕೆಟ್ಟಿತ್ತು, ಮರೆ ಕೊರೆಯುವ ಟ್ಯಾಪ್ ಹಾಕಿ ಉಳಿಸಿಕೊಟ್ಟರು. ಎಡದ್ದು ಉಳಿಯುವ ಹಾಗಿರಲಿಲ್ಲ, ಹೊಸದೇ ಬೇಕಾಯಿತು. ಕ್ಯಾಸೆಟ್ ಬದಲಿಸುವ ಮೊದಲು ಫೋನ್ ಮಾಡಿ ಕೇಳಿದರು. ಹಳೇ ಪಾರ್ಟುಗಳನ್ನು ಕೇಳುವ ಮೊದಲೇ ಒಂದು ಕವರಿನಲ್ಲಿ ಹಾಕಿ ಹ್ಯಾಂಡಲ್ಲಿಗೆ ನೇತುಹಾಕಿದ್ದರು. ಅವರ ಮಜೂರಿ ಮೊದಲಿನ ಅಂಗಡಿಗಿಂತ ಜಾಸ್ತಿಯೇ. ಖುಷಿಯಿಂದ ಕೊಟ್ಟೆ.

ಈಗ ನಾನು ಬಿಡುವಾಗಲೇ ಏನೇನು ಕೆಲಸ ಅಂತ ಚೀಟಿಯಲ್ಲಿ ಬರೆಸಿಕೊಳ್ಳುತ್ತೇನೆ, ‘ಹಳೇ ಪಾರ್ಟ್ ವಾಪಸ್’ ಅಂತ ಕೆಳಗೆ ನಾನೇ ಸೇರಿಸುತ್ತೇನೆ. ಕೆಲವರಿಗೆ ಮುಖ ಸಪ್ಪೆಯಾಗುತ್ತದೆ, ಆಗಲಿ. ಚೈನು, ಕ್ಯಾಸೆಟ್, ಬ್ರೇಕ್, ಪೆಡಲ್ ಹತ್ತಿರದಿಂದ ಒಂದೊಂದು ಫೋಟೋ. ವಾಪಸ್ ತರುವುದು ಹಗಲಿನಲ್ಲೇ. ದುಡ್ಡು ಕೊಡುವ ಮುಂಚೆ ಎರಡೂ ಬ್ರೇಕ್ ಹಿಡಿದು ಸೈಕಲ್ಲನ್ನು ಮುಂದಕ್ಕೆ ತಳ್ಳಿ ನೋಡುತ್ತೇನೆ, ಪೆಡಲ್ಲಿನ ಅಕ್ಷರ ನೋಡುತ್ತೇನೆ, ಅಂಗಡಿ ಮುಂದೆಯೇ ಒಂದು ಸುತ್ತು ಹೊಡೆದು ಎಲ್ಲ ಗೇರನ್ನೂ ಹಾಕಿ ನೋಡುತ್ತೇನೆ. ಅತಿ ಚಿಕ್ಕ ಚಕ್ರಕ್ಕೂ ಅತಿ ದೊಡ್ಡ ಚಕ್ರಕ್ಕೂ ಚೈನು ಹೋಗಬೇಕು, ಆದರೆ ಅದರಾಚೆ ಹೋಗಬಾರದು. ದೊಡ್ಡ ಚಕ್ರ ದಾಟಿದರೆ ಚೈನು ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ, ಅದು ಪೆಡಲ್ ಕಳಚುವುದಕ್ಕಿಂತ ಕೆಟ್ಟದ್ದು.

ಆ ಅಂಗಡಿಯಿಂದ ಕ್ಯಾಸೆಟ್ಟಿನ ದುಡ್ಡು ವಾಪಸ್ ಬಂತು. ಮೂರನೆಯ ಸಲ ಹೋದಾಗ, ಬೇರೆ ಗಿರಾಕಿಗಳ ಮುಂದೆ ಆ ಫೋಟೋ ತೆಗೆದು ತೋರಿಸಿದ ಮೇಲೆ. ಕ್ರ್ಯಾಂಕಿನ ದುಡ್ಡು ಮಾತ್ರ ಬರಲಿಲ್ಲ, ಅದು ನಾನು ಓಡಿಸಿಯೇ ಹಾಳಾದದ್ದು ಅಂತ ಅವರು ಇವತ್ತಿಗೂ ಹೇಳುತ್ತಾರೆ. ತೆಗೆದುಹಾಕಿದರು ಅನ್ನಲಾದ ನನ್ನ ನಾಲ್ಕು ಹಳೇ ಬ್ರೇಕ್ ಶೂ ಎಲ್ಲಿ ಅಂತ ಕೇಳಿದ್ದೇನೆ. ನಾಳೆ ಪಕ್ಕಾ ಹುಡುಕಿಸುತ್ತಾರಂತೆ.