ಬಿಪಿ ಮೆಷಿನ್ ಸರಿ ಇತ್ತು, ಪಟ್ಟಿ ಚಿಕ್ಕದಾಗಿತ್ತು

ಮನೆಗೆ ಬಿಪಿ ಮೆಷಿನ್ ತರಬೇಕು ಅಂತಿದ್ದರೆ ಮೊದಲು ಒಂದು ಟೇಪು ಹುಡುಕಿ. ಬಟ್ಟೆ ಹೊಲಿಯುವವರ ಹತ್ತಿರ ಇರುತ್ತಲ್ಲ, ಅದೇ. ಭುಜಕ್ಕೂ ಮೊಣಕೈಗೂ ನಟ್ಟನಡುವೆ ತೋಳಿನ ಸುತ್ತಳತೆ ಎಷ್ಟು ಸೆಂಟಿಮೀಟರ್ ಅಂತ ಬರೆದುಕೊಂಡು ಆಮೇಲೆ ಅಂಗಡಿಗೆ ಹೋಗಿ. ನಾನು ಹಾಗೆ ಮಾಡಲಿಲ್ಲ. ಅದರಿಂದ ಅಮ್ಮ ಒಂದೂವರೆ ತಿಂಗಳು ಹೆದರಿಕೊಂಡೇ ಕಳೆದರು.

ನಾನು ತಂದಿದ್ದು ತೋಳಿಗೆ ಪಟ್ಟಿ (ಕಫ್) ಕಟ್ಟುವ ಡಿಜಿಟಲ್ ಮೆಷಿನ್. 2,100 ರೂಪಾಯಿ ಆಯಿತು. ನಾಲ್ಕು ಪೆನ್ ಸೆಲ್ ಹಾಕಬೇಕು, ಒಂದೇ ಬಟನ್. ಅಂಕಿಗಳು ದೊಡ್ಡದಾಗಿವೆ, ಕನ್ನಡಕ ಹಾಕದಿದ್ದರೂ ಅಪ್ಪನಿಗೆ ಕಾಣುತ್ತವೆ. ಎಂಟು ತಿಂಗಳಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ.

ತಂದಿದ್ದು ಅಪ್ಪನಿಗೋಸ್ಕರ. ಕ್ಲಿನಿಕ್‌ಗೆ ಹೋದಾಗೆಲ್ಲ ಅವರ ಮೇಲಿನ ಬಿಪಿ 160 ದಾಟುತ್ತಿತ್ತು. ಮಾತ್ರೆ ಜಾಸ್ತಿ ಮಾಡುವ ಮುಂಚೆ ಒಂದು ವಾರ ಮನೆಯಲ್ಲೇ ನೋಡಿ ಬರೆದುಕೊಂಡು ಬನ್ನಿ ಅಂದರು ಡಾಕ್ಟರು. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಡಬೇಕು. ಮೊದಲ ದಿನದ್ದನ್ನು ಬಿಟ್ಟು ಮಿಕ್ಕಿದ್ದರ ಸರಾಸರಿ ತೆಗೆಯಬೇಕು. ಅಪ್ಪನದು 131/80 ಬಂತು! ಬಿಳಿ ಕೋಟು ಕಂಡ ಕೂಡಲೇ ಏರುವ ಬಿಪಿ ಅಂತಾರಲ್ಲ, ಅದೇ ಇದು. ಮಾತ್ರೆ ಇದ್ದಷ್ಟೇ ಉಳಿಯಿತು. ಇದರ ಉಲ್ಟಾ ಇರುವವರೂ ಇದ್ದಾರೆ, ಕ್ಲಿನಿಕ್‌ನಲ್ಲಿ ಸರಿಯಾಗಿ ಬರುತ್ತದೆ, ಮನೆಯಲ್ಲಿ ಜಾಸ್ತಿ ಇರುತ್ತದೆ, ಮೆಷಿನ್ ಇಲ್ಲದಿದ್ದರೆ ಅದು ಯಾರಿಗೂ ಗೊತ್ತೇ ಆಗುವುದಿಲ್ಲ. ಇನ್ನೊಂದು ವಿಷಯ, ಬಿಪಿ ಜಾಸ್ತಿ ಅನ್ನುವ ಗಡಿ ಕ್ಲಿನಿಕ್‌ನಲ್ಲಿ 140/90, ಮನೆಯಲ್ಲಿ ನೋಡುವಾಗ 135/85. ಎರಡನ್ನೂ ಬೆರೆಸಬೇಡಿ.

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಮೆಷಿನ್ ಇದೆಯಲ್ಲ, ನನ್ನದೂ ನೋಡು ಅಂದರು. 154. ಮಾರನೇ ದಿನ 151. ಆಮೇಲೆ 158. ಉಪ್ಪಿನಕಾಯಿ ಬಿಟ್ಟರು, ಹಪ್ಪಳ ಬಿಟ್ಟರು, ಸಾರಿಗೆ ಉಪ್ಪು ಅರ್ಧ ಮಾಡಿದರು, ರಾತ್ರಿ ಎದ್ದು ಕೂತು ಮತ್ತೆ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಕೊನೆಗೆ ಮೆಷಿನ್ ಸಮೇತ ಕ್ಲಿನಿಕ್‌ಗೆ ಕರೆದುಕೊಂಡು ಹೋದೆ. ಅಲ್ಲಿನ ಸಿಸ್ಟರ್ ಅಂಕಿ ನೋಡುವ ಮುಂಚೆಯೇ ಅಮ್ಮನ ತೋಳು ನೋಡಿದರು. "ಈ ಪಟ್ಟಿ ನಿಮಗೆ ಚಿಕ್ಕದಾಯ್ತಮ್ಮ" ಅಂದರು. ಟೇಪು ಸುತ್ತಿದರೆ 36 ಸೆಂಟಿಮೀಟರ್. ಪಟ್ಟಿಯ ಒಳಮೈಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿದ್ದು 22ರಿಂದ 32. ಅಂಗಡಿಯಲ್ಲಿ ಯಾರೂ ಕೇಳಿರಲಿಲ್ಲ, ನಾನೂ ಓದಿರಲಿಲ್ಲ.

ಮೂರು ಅಂಗಡಿ ಸುತ್ತಿ ದೊಡ್ಡ ಪಟ್ಟಿ ತಂದೆ. 850 ರೂಪಾಯಿ. ಅದೇ ಬೆಳಿಗ್ಗೆ, ಅದೇ ಕುರ್ಚಿ, ಅದೇ ಕೈ. ಚಿಕ್ಕದರಲ್ಲಿ 149, ದೊಡ್ಡದರಲ್ಲಿ 140.

ಕಾರಣ ಕಷ್ಟದ್ದೇನಲ್ಲ. ಮೆಷಿನ್ ಪಟ್ಟಿಗೆ ಗಾಳಿ ತುಂಬಿ ತೋಳಿನ ರಕ್ತನಾಳ ಅಮುಕುತ್ತದೆ, ಆಮೇಲೆ ಗಾಳಿ ಬಿಡುತ್ತಾ ನಾಡಿ ಬಡಿದಾಗ ಪಟ್ಟಿಯಲ್ಲಿ ಆಗುವ ಸಣ್ಣ ಅದಿರಾಟವನ್ನು ಹಿಡಿದು ಲೆಕ್ಕ ಹಾಕುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಮುಕುವುದಕ್ಕೇ ಜಾಸ್ತಿ ಗಾಳಿ ಬೇಕು, ಆ ಜಾಸ್ತಿಯೂ ಬಿಪಿ ಲೆಕ್ಕಕ್ಕೆ ಸೇರಿಬಿಡುತ್ತದೆ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದವರು 195 ಜನರಿಗೆ ಬೇರೆ ಬೇರೆ ಪಟ್ಟಿ ಕಟ್ಟಿ ನೋಡಿ 2023ರಲ್ಲಿ ಪ್ರಕಟಿಸಿದ್ದಾರೆ. ದೊಡ್ಡ ಪಟ್ಟಿ ಬೇಕಾದವರಿಗೆ ಮಾಮೂಲಿ ಪಟ್ಟಿ ಕಟ್ಟಿದಾಗ ಮೇಲಿನ ಅಂಕಿ ಸರಾಸರಿ 4.8 ಜಾಸ್ತಿ ಬಂತು. ಅದಕ್ಕಿಂತಲೂ ದೊಡ್ಡದು ಬೇಕಾದವರಿಗೆ 19.5 ಜಾಸ್ತಿ! ತೆಳ್ಳನೆ ತೋಳಿನವರಿಗೆ 3.6 ಕಮ್ಮಿ. 19.5 ಅಂದರೆ ಬಿಪಿ ಇಲ್ಲದವರಿಗೂ ಮಾತ್ರೆ ಶುರುವಾಗುವಷ್ಟು ವ್ಯತ್ಯಾಸ, ಅಲ್ವಾ?

ಕೂರುವ ರೀತಿಯೂ ಅಷ್ಟೇ ಮುಖ್ಯ. ಅಪ್ಪ ಮೊದಮೊದಲು ಚಾಪೆ ಮೇಲೆ ಚಕ್ಕಳಮಕ್ಕಳ ಹಾಕಿ, ಮೆಷಿನ್ ನೆಲದ ಮೇಲಿಟ್ಟು, ಕೈ ತೊಡೆ ಮೇಲೆ ಬಿಟ್ಟುಕೊಂಡು ನೋಡುತ್ತಿದ್ದರು. ಕೈ ಎದೆಮಟ್ಟಕ್ಕಿಂತ ಕೆಳಗಿದ್ದರೆ ಅಂಕಿ ಏರುತ್ತದೆ. ಜಾನ್ಸ್ ಹಾಪ್ಕಿನ್ಸ್‌ನವರೇ 2024ರಲ್ಲಿ ಇದನ್ನೂ ಅಳೆದರು. ಟೇಬಲ್ ಮೇಲಿಟ್ಟ ಕೈಗೆ ಹೋಲಿಸಿದರೆ ತೊಡೆ ಮೇಲಿಟ್ಟಾಗ ಸುಮಾರು 4, ಪಕ್ಕಕ್ಕೆ ಇಳಿಬಿಟ್ಟಾಗ 6.5 ಜಾಸ್ತಿ ಬಂತು. ಈಗ ನಮ್ಮ ಮನೆಯಲ್ಲಿ ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ, ಕೈ ಊಟದ ಟೇಬಲ್ ಮೇಲೆ. ಕಾಫಿ ಕುಡಿದು ಅರ್ಧ ಗಂಟೆ ಆಗಿರಬೇಕು, ಬಾತ್‌ರೂಮಿಗೆ ಹೋಗಿ ಬಂದಿರಬೇಕು, ಐದು ನಿಮಿಷ ಸುಮ್ನೆ ಕೂರಬೇಕು. ಮಾತಾಡಬಾರದು. ಅಮ್ಮನಿಗೆ ಇದೊಂದೇ ಕಷ್ಟ.

ಮೆಷಿನ್‌ನ ಕೊರತೆಗಳನ್ನೂ ಹೇಳುತ್ತೇನೆ. ಪುಸ್ತಕದಲ್ಲಿ ಕನ್ನಡ ಇಲ್ಲ. ಮೆಮೊರಿ ಒಬ್ಬರಿಗೆ ಮಾತ್ರ, ಇಬ್ಬರದೂ ಕಲಸಿಹೋಗುತ್ತದೆ, ಹಾಗಾಗಿ ನೋಟ್‌ಬುಕ್ ಇಟ್ಟಿದ್ದೇವೆ. ನಾಡಿ ಏರುಪೇರಾಗಿ ಬಡಿಯುವವರಿಗೆ ಇಂಥ ಮೆಷಿನ್ ಯಾವ ಕಂಪನಿಯದಾದರೂ ಅಷ್ಟು ನಿಖರ ಅಲ್ಲ, ಅವರು ಡಾಕ್ಟರ ಹತ್ತಿರವೇ ಕೇಳಿಕೊಳ್ಳಬೇಕು. ಕೊಳ್ಳುವ ಮುಂಚೆ ಸ್ಟ್ರೈಡ್ ಬಿಪಿ ಅನ್ನುವ ವೆಬ್‌ಸೈಟ್ ನೋಡಿ, ಪರೀಕ್ಷೆಯಲ್ಲಿ ಪಾಸಾದ ಮಾಡೆಲ್‌ಗಳ ಹೆಸರು ಅಲ್ಲಿವೆ. ದೊಡ್ಡ ಪಟ್ಟಿ ಬೇಕಾದರೆ ಮೆಷಿನ್ ಕಂಪನಿಯದೇ ತಗೊಳ್ಳಿ. ಬೇರೆಯದರ ಪೈಪು ಕೂತರೂ ಅಂಕಿ ನಂಬುವ ಹಾಗಿಲ್ಲ.

ದೊಡ್ಡ ಪಟ್ಟಿಯಲ್ಲಿ ಅಮ್ಮನ ವಾರದ ಸರಾಸರಿ 138/86 ಬಂತು. ಗಡಿಗಿಂತ ಸ್ವಲ್ಪ ಮೇಲೇ ಇದೆ. ಮೂರು ತಿಂಗಳು ಉಪ್ಪು ಕಮ್ಮಿ ಮಾಡಿ, ದಿನಾ ನಡೆಯಿರಿ, ಆಮೇಲೆ ನೋಡೋಣ ಅಂದಿದ್ದಾರೆ ಡಾಕ್ಟರು. ರಾತ್ರಿ ಎದ್ದು ಬಿಪಿ ನೋಡುವುದು ನಿಂತಿದೆ. ಪಟ್ಟಿ ಅದಲುಬದಲಾಗದಿರಲಿ ಅಂತ ದೊಡ್ಡದಕ್ಕೆ ಅವರೇ ಒಂದು ಕೆಂಪು ದಾರ ಹೊಲಿದಿದ್ದಾರೆ.