ಅಂಡಾಶಯದ ಗಡ್ಡೆ: ಕೀಹೋಲ್ ಶಸ್ತ್ರಚಿಕಿತ್ಸೆಯೋ, ತೆರೆದ ಶಸ್ತ್ರಚಿಕಿತ್ಸೆಯೋ?

ಅಂಡಾಶಯದಲ್ಲಿ ಗಡ್ಡೆಯಿರುವ ಯಾದಗಿರಿಯ ಸಹೋದರಿಯೊಬ್ಬರು ಯಾವ ವಿಧಾನ ಆಯ್ದುಕೊಳ್ಳಲೆಂದು ಕೇಳಿದ್ದಾರೆ. ಕೀಹೋಲ್ ವಿಧಾನದಲ್ಲಿ (ಲ್ಯಾಪರೋಸ್ಕೋಪಿ) ಹೊಟ್ಟೆಯ ಮೇಲೆ 5ರಿಂದ 10 ಮಿಲಿಮೀಟರ್‌ನ ಕೆಲವು ರಂಧ್ರಗಳಷ್ಟೇ ಸಾಕಾಗುವುದರಿಂದ ನೋವು ಕಡಿಮೆ, ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಮನೆಗೆ ಮರಳಬಹುದು. ತೊಗರಿ ರಾಶಿಯ ಕಾಲದಲ್ಲಿ ಹೊಲ ಬಿಟ್ಟಿರಲಾಗದವರಿಗೆ ಇದು ಸಣ್ಣ ಮಾತಲ್ಲ. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ದು ಮಾಡುವ ತೆರೆದ ಶಸ್ತ್ರಚಿಕಿತ್ಸೆಯ ಚೇತರಿಕೆಗೆ ಸುಮಾರು ಆರು ವಾರ ಬೇಕು. ಕೀಹೋಲ್ ಉಪಕರಣಗಳು ದುಬಾರಿಯಾದರೂ, ಉಳಿಯುವ ಕೂಲಿಯ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಆದರೆ ಸ್ಕ್ಯಾನಿಂಗ್‌ನಲ್ಲಿ ಘನಭಾಗಗಳು, ಹೊಟ್ಟೆಯಲ್ಲಿ ನೀರು, ಋತುಬಂಧದ ನಂತರದ ರಕ್ತಪರೀಕ್ಷೆಯಲ್ಲಿ ಏರಿದ ಸಿಎ-125 (ಅಂಡಾಶಯದ ಕ್ಯಾನ್ಸರ್‌ನಲ್ಲಿ ಹೆಚ್ಚಾಗಬಹುದಾದ ಪ್ರೋಟೀನ್) ಕಂಡುಬಂದರೆ ಕ್ಯಾನ್ಸರ್ ಶಂಕೆಯಿರುವುದರಿಂದ ನನ್ನ ಒಲವು ತೆರೆದ ವಿಧಾನದ ಕಡೆಗೇ. ಏಕೆಂದರೆ ಅಂಡಾಶಯಕ್ಕಷ್ಟೇ ಸೀಮಿತವಾದ ಕ್ಯಾನ್ಸರ್ ಗಡ್ಡೆ ತೆಗೆಯುವಾಗ ಒಡೆದರೆ ರೋಗದ ಹಂತವೇ 1ಎ ಇಂದ 1ಸಿ ಗೆ ಏರುತ್ತದೆ; ತೆರೆದ ವಿಧಾನದಲ್ಲಿ ಅದನ್ನು ಒಡೆಯದೆ ತೆಗೆಯುವುದು ಸುಲಭ. ಅಂಥವರು ಕಲಬುರಗಿಯ ಕಿದ್ವಾಯಿ ಕ್ಯಾನ್ಸರ್ ಕೇಂದ್ರದಲ್ಲಿ ವಿಚಾರಿಸುವುದು ಒಳಿತು. ಗಡ್ಡೆ ತಿರುಚಿಕೊಂಡು ಹಠಾತ್ ತೀವ್ರ ನೋವು ಬಂದಾಗ ಮಾತ್ರ, ವಿಧಾನಕ್ಕಾಗಿ ದೂರದ ಊರು ಹುಡುಕದೆ, ಶಸ್ತ್ರಚಿಕಿತ್ಸೆ ಲಭ್ಯವಿರುವ ಹತ್ತಿರದ ಆಸ್ಪತ್ರೆಗೆ ಕೂಡಲೇ ಹೋಗಬೇಕು.