ಟೋಕಿಯೊ ನಿಲ್ದಾಣದೊಳಗೊಂದು ಎಳ್ಳಿನ ರಾಮೆನ್: ಟೀಸ್ ತಾನ್‌ತಾನ್

ಜಪಾನಿನಲ್ಲಿ ಸಸ್ಯಾಹಾರಿಗಳಿಗೆ ರಾಮೆನ್, ಅಂದರೆ ಬಿಸಿ ಸಾರಿನಲ್ಲಿ ಬಡಿಸುವ ನೂಡಲ್ಸ್, ದಕ್ಕುವುದು ಕಷ್ಟ ಎಂಬ ಮಾತು ಬಹುಮಟ್ಟಿಗೆ ನಿಜ. ಬಟ್ಟಲಿನ ಮೇಲೆ ಜೋಡಿಸುವ ಹಂದಿಮಾಂಸದ ಹೋಳುಗಳನ್ನು ಬೇಡವೆಂದರೆ ಸಾಕಲ್ಲವೇ ಎಂದು ಹೊಸಬರು ಕೇಳುತ್ತಾರೆ. ಆದರೆ ರಾಮೆನ್‌ನ ಜೀವವಿರುವುದು ಸಾರಿನಲ್ಲಿ. ಆ ಸಾರು ಹಂದಿಯ ಅಥವಾ ಕೋಳಿಯ ಮೂಳೆಗಳು ಗಂಟೆಗಟ್ಟಲೆ ಕುದ್ದು ಬಂದದ್ದು. ಮೂಳೆಯನ್ನು ಬಳಸದ ಅಡುಗೆಮನೆಗಳಲ್ಲಿಯೂ ಒಣಗಿಸಿದ ಮೀನಿನಿಂದ ತೆಗೆದ ದಾಶಿ ಎಂಬ ತಿಳಿಸಾರು ಹೇಗೋ ಬಂದು ಸೇರಿರುತ್ತದೆ. ಟೋಕಿಯೊದ ಬಡಾವಣೆಯೊಂದರಲ್ಲಿ ‘ತರಕಾರಿ ರಾಮೆನ್’ ಎಂಬ ಫಲಕ ನೋಡಿ ನಾವು ಒಳಹೊಕ್ಕಾಗ, ಆ ತರಕಾರಿಗಳೆಲ್ಲ ಹಂದಿಮೂಳೆಯ ಸಾರಿನಲ್ಲೇ ಬೇಯುತ್ತವೆಂದು ಅಂಗಡಿಯವರು ಕೈಮುಗಿದು ತಿಳಿಸಿದ್ದರು. ಮೋಸ ಮಾಡುವ ಉದ್ದೇಶ ಅಲ್ಲಿ ಯಾರಿಗೂ ಇರಲಿಲ್ಲ. ತರಕಾರಿ ಹೆಚ್ಚಾಗಿರುವ ರಾಮೆನ್ ಎಂಬಷ್ಟೇ ಅರ್ಥದಲ್ಲಿ ಅವರು ಆ ಹೆಸರನ್ನು ಇಟ್ಟಿದ್ದರು.

ಇಂತಹ ನಾಡಿನಲ್ಲಿ, ಅದೂ ದಿನವಿಡೀ ಲಕ್ಷಾಂತರ ಜನ ಓಡಾಡುವ ಟೋಕಿಯೊ ರೈಲು ನಿಲ್ದಾಣದ ಒಳಗೇ, ಮಾಂಸ, ಮೀನು, ಮೊಟ್ಟೆ, ಹಾಲು ಯಾವುದನ್ನೂ ಬಳಸದೆ ರಾಮೆನ್ ಬಡಿಸುವ ಟೀಸ್ ತಾನ್‌ತಾನ್ ಎಂಬ ಅಂಗಡಿಯಿದೆ. ಇದರ ಬಗ್ಗೆ ಕನ್ನಡದಲ್ಲಿ ಸ್ವಲ್ಪ ವಿವರವಾಗಿ ಬರೆಯಬೇಕೆಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಅಲ್ಲಿ ಮಾಂಸವಿಲ್ಲ ಎಂಬುದೊಂದೇ ಅಲ್ಲ. ಸಸ್ಯಾಹಾರದ ಹೆಸರಿನಲ್ಲಿ ಲೋಕದ ನಾನಾ ಊರುಗಳಲ್ಲಿ ಬಡಿಸುವ ರಾಮೆನ್ ಬಹಳ ಸಲ ಮೂಲದ ಸಪ್ಪೆ ನಕಲಾಗಿರುತ್ತದೆ: ತೆಳ್ಳನೆಯ ಸೋಯಾ ಸಾರು, ಅದರಲ್ಲಿ ತೇಲುವ ತೋಫು, ಮೇಲೆ ನಾಲ್ಕು ಎಸಳು ಸೊಪ್ಪು. ಇಲ್ಲಿ ಹಾಗಾಗಿಲ್ಲ. ಇವರು ಮಾಂಸದ ಜಾಗವನ್ನು ತುಂಬಲು ಹೆಣಗದೆ, ಮೊದಲಿನಿಂದಲೂ ಎಳ್ಳಿನ ಮೇಲೆ ನಿಂತಿರುವ ಒಂದು ಬಗೆಯ ರಾಮೆನ್ ಅನ್ನೇ ಆರಿಸಿಕೊಂಡಿದ್ದಾರೆ. ಅಂಗಡಿಯ ಯಶಸ್ಸೆಲ್ಲ ಈ ಆಯ್ಕೆಯಲ್ಲಿದೆ ಎಂದು ನಾನು ತಿಳಿದಿದ್ದೇನೆ.

ಆ ಬಗೆಯೇ ತಾನ್‌ತಾನ್‌ಮೆನ್. ಇದರ ಮೂಲ ಚೀನಾದ ಸಿಚುವಾನ್ ಪ್ರಾಂತ್ಯ. ಅಲ್ಲಿ ಬೀದಿ ವ್ಯಾಪಾರಿಗಳು ಹೆಗಲ ಮೇಲಿನ ಅಡ್ಡೆಯಲ್ಲಿ ಹೊತ್ತು ಮಾರುತ್ತಿದ್ದ ಈ ತಿನಿಸಿನಲ್ಲಿ ಸಾರು ಇರುತ್ತಿರಲಿಲ್ಲ; ನೂಡಲ್ಸ್‌ಗೆ ಖಾರದ ಗೊಜ್ಜು ಹಚ್ಚಿ ಕೊಡುತ್ತಿದ್ದರು. ಸಿಚುವಾನಿನಲ್ಲಿ ಹುಟ್ಟಿ 1952ರಲ್ಲಿ ಜಪಾನಿಗೆ ಬಂದು, 1958ರಲ್ಲಿ ಟೋಕಿಯೊದಲ್ಲಿ ಶಿಸೆನ್ ಹಾಂತೆನ್ ಎಂಬ ಭೋಜನಾಲಯ ತೆರೆದ ಚೆನ್ ಕೆನ್‌ಮಿನ್ ಅವರು ಜಪಾನೀಯರ ನಾಲಿಗೆಗೆ ಒಗ್ಗುವಂತೆ ಖಾರವನ್ನು ತಗ್ಗಿಸಿ, ಅರೆದ ಎಳ್ಳನ್ನು ಸೇರಿಸಿ, ಧಾರಾಳವಾಗಿ ಸಾರು ಹೊಯ್ದು ಕೊಡಲಾರಂಭಿಸಿದರು. ಇಂದು ಜಪಾನಿನಾದ್ಯಂತ ತಾನ್‌ತಾನ್‌ಮೆನ್ ಎಂದು ಉಣ್ಣುವುದು ಬಹುತೇಕ ಈ ರೂಪವನ್ನೇ. ಸಾಮಾನ್ಯ ಅಂಗಡಿಗಳಲ್ಲಿ ಇದರ ಮೇಲೂ ಹಂದಿಮಾಂಸದ ಕೈಮ ಬೀಳುತ್ತದೆ, ಕೆಳಗೆ ಕೋಳಿಯ ಸಾರೂ ಇರುತ್ತದೆ. ಆದರೆ ಬಾಯಿಗೆ ಮೊದಲು ಸಿಗುವ ರುಚಿ ಎಳ್ಳಿನದು. ಹಾಗಾಗಿ ಮಾಂಸವನ್ನು ತೆಗೆದರೂ ಈ ತಿನಿಸು ತನ್ನತನವನ್ನು ಕಳೆದುಕೊಳ್ಳುವುದಿಲ್ಲ.

ಇದಕ್ಕೆ ಅಡುಗೆಯ ಲೆಕ್ಕದಲ್ಲಿಯೂ ಒಂದು ಕಾರಣವಿದೆ. ಹಂದಿಮೂಳೆಯ ಸಾರು ಹಾಲಿನಂತೆ ಬೆಳ್ಳಗೆ, ತುಟಿಗೆ ಅಂಟುವಷ್ಟು ಗಟ್ಟಿಯಾಗುವುದು ಮೂಳೆಯ ಸುತ್ತಲಿನ ಕೊಲಾಜನ್ ಕರಗಿ ಜೆಲಾಟಿನ್ ಆಗುವುದರಿಂದ ಮತ್ತು ಕೊಬ್ಬು ಸಣ್ಣ ಸಣ್ಣ ಹನಿಗಳಾಗಿ ಒಡೆದು ನೀರಿನಲ್ಲಿ ಬೆರೆಯುವುದರಿಂದ. ಎಳ್ಳಿನ ಕಾಳಿನಲ್ಲಿ ಸರಿಸುಮಾರು ಅರ್ಧದಷ್ಟು ಎಣ್ಣೆಯೇ ಇದೆ. ಅದರ ಜತೆಗೆ ಪ್ರೋಟೀನೂ ಸಾಕಷ್ಟಿದೆ. ಹುರಿದು ನುಣ್ಣಗೆ ಅರೆದ ಎಳ್ಳನ್ನು ಬಿಸಿ ಸಾರಿನಲ್ಲಿ ಕದಡಿದಾಗ ಆ ಎಣ್ಣೆಯೂ ಹನಿಹನಿಯಾಗಿ ನೀರಿನೊಂದಿಗೆ ಕೂಡಿಕೊಳ್ಳುತ್ತದೆ, ಸಾರಿಗೆ ಮೈ ತುಂಬುತ್ತದೆ. ಇನ್ನು ಜಪಾನೀಯರು ಉಮಾಮಿ ಎಂದು ಕರೆಯುವ, ಸಾರಿಗೆ ಆಳ ಕೊಡುವ ರುಚಿಯ ಮಾತು. 1908ರಲ್ಲಿ ವಿಜ್ಞಾನಿ ಇಕೆದಾ ಕಿಕುನಾಯೆ ಅವರು ಅದರ ಮೂಲವಾದ ಗ್ಲುಟಮೇಟನ್ನು ಬೇರ್ಪಡಿಸಿದ್ದು ಕೊಂಬು ಎಂಬ ಕಡಲ ಪಾಚಿಯಿಂದ, ಮಾಂಸದಿಂದಲ್ಲ. ಬೌದ್ಧ ವಿಹಾರಗಳ ಶೋಜಿನ್ ಎಂಬ ಸಸ್ಯಾಹಾರಿ ಅಡುಗೆಯಲ್ಲಿ ಕೊಂಬು ಮತ್ತು ಒಣ ಶೀತಾಕೆ ಅಣಬೆಗಳ ಸಾರು ಶತಮಾನಗಳಿಂದ ನಡೆದುಬಂದಿದೆ. ಮೂಳೆಯಿಲ್ಲದೆ ಆಳವಾದ ಸಾರು ಬರುವುದಿಲ್ಲ ಎಂದು ವಾದಿಸುವವರು ಜಪಾನಿನ ಅಡುಗೆಯ ಈ ಹಳೆಯ ಕವಲನ್ನು ಮರೆತಿರುತ್ತಾರೆ.

ಈಗ ಬಟ್ಟಲಿನ ಮಾತಿಗೆ ಬರೋಣ. ಮೊದಲ ಸಲ ಹೋಗುವವರು ‘ಬಂಗಾರದ ಎಳ್ಳಿನ’ ತಾನ್‌ತಾನ್ ಅನ್ನೇ ಕೇಳಬೇಕು ಎಂಬುದು ನನ್ನ ಸಲಹೆ. ಬಂದೊಡನೆ ಕಣ್ಣಿಗೆ ಬೀಳುವುದು ಗೋದಿಬಣ್ಣದ ದಟ್ಟ ಸಾರು, ಅದರ ಮೇಲೆ ಅಲ್ಲಲ್ಲಿ ಕೆಂಪು ವೃತ್ತಗಳಾಗಿ ನಿಂತ ಮೆಣಸಿನೆಣ್ಣೆ, ನಡುವೆ ಕಂದುಬಣ್ಣದ ಸೋಯಾ ಕೈಮದ ಗುಪ್ಪೆ, ಪಕ್ಕದಲ್ಲಿ ಹಸಿರು ಸೊಪ್ಪು. ಚಮಚವನ್ನು ಅಂಚಿನಲ್ಲಿ ಮೆಲ್ಲಗೆ ಒತ್ತಿದರೆ ಎಣ್ಣೆಯ ವೃತ್ತಗಳು ಒಂದನ್ನೊಂದು ಕೂಡುತ್ತಾ ಸಾರಿನ ಜತೆ ಚಮಚದೊಳಗೆ ಇಳಿಯುತ್ತವೆ. ಮೊದಲ ಗುಟುಕಿನಲ್ಲಿ ಹುರಿದ ಎಳ್ಳಿನ ಘಮ, ಅದರ ಹಿಂದೆಯೇ ಕಡಲೆಕಾಯಿಯ ಸಿಹಿ, ನುಂಗಿದ ಮೇಲೆ ಗಂಟಲಲ್ಲಿ ನಿಲ್ಲುವ ಹಿತವಾದ ಖಾರ. ನಮ್ಮ ಲೆಕ್ಕದಲ್ಲಿ ಇದು ಖಾರವೇ ಅಲ್ಲ. ಗುಂಟೂರು ಮೆಣಸಿನಕಾಯಿಗೆ ಒಗ್ಗಿದವರು ಮೇಜಿನ ಮೇಲಿರುವ ಮೆಣಸಿನೆಣ್ಣೆಯತ್ತ ಕೈ ಚಾಚಲು ಹೊರಡುತ್ತಾರೆ. ಆದರೆ ಅರ್ಧ ಬಟ್ಟಲು ಮುಗಿಯುವವರೆಗೂ ಅದನ್ನು ಮುಟ್ಟಬಾರದೆಂದು ಕೇಳಿಕೊಳ್ಳುತ್ತೇನೆ, ಏಕೆಂದರೆ ಖಾರ ಏರಿದಷ್ಟೂ ಮೊದಲು ಅಡಗುವುದು ಕಡಲೆಕಾಯಿಯ ಆ ಸಿಹಿಯೇ, ಮತ್ತು ಈ ಬಟ್ಟಲಿನ ಸೊಗಸೆಲ್ಲ ಖಾರಕ್ಕೂ ಸಿಹಿಗೂ ನಡುವೆ ಇವರು ಕಾಯ್ದುಕೊಂಡಿರುವ ಹದದಲ್ಲಿದೆ.

ಸೋಯಾ ಕೈಮದ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ನಮ್ಮಲ್ಲಿ ಸೋಯಾ ತುಣುಕುಗಳೆಂದರೆ ಮಸಾಲೆಯನ್ನು ಒಳಗೆ ಬಿಟ್ಟುಕೊಳ್ಳದೆ ಹಲ್ಲಿಗೆ ಸ್ಪಂಜಿನಂತೆ ಸಿಗುವ ಪದಾರ್ಥ ಎಂಬ ಅಭಿಪ್ರಾಯ ಬೇರೂರಿದೆ. ಇಲ್ಲಿ ಅದನ್ನು ಸಣ್ಣ ಕಾಳಿನಷ್ಟು ನುರಿಸಿ, ಸೋಯಾ ಸಾಸ್ ಹೀರುವಂತೆ ಚೆನ್ನಾಗಿ ಬಾಡಿಸಿರುವುದರಿಂದ ಒಳಗೂ ಉಪ್ಪು ಹಿಡಿದಿರುತ್ತದೆ, ಅಂಚುಗಳು ಕೊಂಚ ಗರಿಯಾಗಿರುತ್ತವೆ. ಒಂದೇ ಸಲಕ್ಕೆ ಕಲಕಿಬಿಡುವುದಕ್ಕಿಂತ ಗುಪ್ಪೆಯನ್ನು ಸ್ವಲ್ಪಸ್ವಲ್ಪವೇ ಸಾರಿಗೆ ಎಳೆದುಕೊಂಡು ತಿಂದರೆ ಕೊನೆಯವರೆಗೂ ಆ ಗರಿ ಉಳಿಯುತ್ತದೆ. ತಳದಲ್ಲಿ ಉಳಿದ ಕಾಳುಗಳನ್ನು ಚಮಚದಲ್ಲಿ ಹುಡುಕಿ ಹುಡುಕಿ ತಿನ್ನುವವರನ್ನು ಅಲ್ಲಿ ಎಲ್ಲ ಮೇಜುಗಳಲ್ಲಿಯೂ ನೋಡಬಹುದು.

ನೂಡಲ್ಸ್ ವಿಷಯದಲ್ಲಿ ಹಲವರಿಗೆ ಅನುಮಾನ ಇರುತ್ತದೆ: ಹಳದಿಯಾಗಿದೆಯಲ್ಲ, ಮೊಟ್ಟೆ ಹಾಕಿರಬೇಕು ಎಂದು. ರಾಮೆನ್ ನೂಡಲ್ಸ್‌ನ ಹಳದಿಗೆ ಮೊಟ್ಟೆಯೇ ಬೇಕೆಂದಿಲ್ಲ. ಗೋದಿ ಹಿಟ್ಟಿಗೆ ಬೆರೆಸುವ ಕಾನ್ಸುಯಿ ಎಂಬ ಕ್ಷಾರದ ನೀರು, ಅಂದರೆ ಮುಖ್ಯವಾಗಿ ಸೋಡಿಯಂ ಮತ್ತು ಪೊಟ್ಯಾಸಿಯಂ ಕಾರ್ಬೊನೇಟುಗಳ ದ್ರಾವಣ, ಹಿಟ್ಟಿನಲ್ಲಿರುವ ವರ್ಣದ್ರವ್ಯಗಳನ್ನು ಹಳದಿಗೆ ತಿರುಗಿಸುತ್ತದೆ. ಎಳೆಗೆ ಬಿಗುವನ್ನೂ ಕೊಡುತ್ತದೆ. ಬಿಸಿ ಸಾರಿನಲ್ಲಿ ಬಹಳ ಹೊತ್ತು ಮುಳುಗಿದರೆ ಯಾವ ನೂಡಲ್ಸ್ ಆದರೂ ಮೆತ್ತಗಾಗುತ್ತದೆ. ಆದ್ದರಿಂದ ಫೋಟೋ ತೆಗೆಯುವುದನ್ನು ಬೇಗ ಮುಗಿಸಿ, ಜಪಾನೀಯರಂತೆ ಸದ್ದು ಮಾಡುತ್ತಲೇ ಎಳೆದುಕೊಂಡು ತಿನ್ನುವುದು ಒಳ್ಳೆಯದು. ಮನೆಯಲ್ಲಿ ಸೊರ್ ಎನ್ನಿಸಿ ಬೈಸಿಕೊಂಡು ಬೆಳೆದವರಿಗೆ ಮೊದಲಿಗೆ ಸಂಕೋಚವಾಗುತ್ತದೆ, ನಿಜ. ಆದರೆ ಎಳೆಯ ಜತೆ ಗಾಳಿಯೂ ಒಳಬಂದಾಗ ಎಳ್ಳಿನ ಪರಿಮಳ ಮೂಗಿಗೆ ಎಷ್ಟು ಚೆನ್ನಾಗಿ ಏರುತ್ತದೆಂಬುದು ಹಾಗೆ ತಿಂದಾಗಲೇ ಗೊತ್ತಾಗುವುದು.

ಕರಿ ಎಳ್ಳಿನ ತಾನ್‌ತಾನ್ ಬೇರೆಯದೇ ಸ್ವಭಾವದ್ದು. ಸಾರು ಕಪ್ಪಿಗೆ ತಿರುಗಿದ ಬೂದಿಬಣ್ಣ. ಸಿಪ್ಪೆಯ ಕಣಗಳು ಬಟ್ಟಲಿನ ಗೋಡೆಗೆ ಅಂಟಿ ನಿಂತಿರುತ್ತವೆ. ಸಿಹಿ ಕಡಿಮೆ, ತುಸು ಕಹಿಯ ಎಳೆಯಿದೆ, ಘಮ ಮಾತ್ರ ಬಹಳ ಗಾಢ. ಚಿಗಳಿಗಾಗಿ ಎಳ್ಳು ಕುಟ್ಟುತ್ತಿರುವ ಅಡುಗೆಮನೆಯೊಳಗೆ ಕಾಲಿಟ್ಟಂತಾಗುತ್ತದೆ. ಇಷ್ಟವಾದವರಿಗೆ ತುಂಬ ಇಷ್ಟವಾಗುತ್ತದೆ, ಆದರೆ ಬಟ್ಟಲು ಪೂರ್ತಿಯಾಗಿ ಒಬ್ಬರೇ ಮುಗಿಸುವುದು ಭಾರವೆನಿಸಬಹುದು. ಇಬ್ಬರು ಹೋದರೆ ಒಂದು ಬಂಗಾರದ್ದು, ಒಂದು ಕರಿಯದು ತರಿಸಿಕೊಂಡು ಹಂಚಿಕೊಳ್ಳುವುದೇ ಸರಿಯಾದ ಕ್ರಮ. ಗ್ಯೋಜಾ ಕಡುಬು, ಸೋಯಾದ ಕರಾಗೆ ಎಂಬ ಕರಿದ ತುಣುಕುಗಳು, ಅನ್ನದ ಬಟ್ಟಲುಗಳೂ ಸಿಗುತ್ತವೆ. ಅವು ಚೆನ್ನಾಗಿಯೇ ಇವೆ, ಆದರೆ ಅವಕ್ಕಾಗಿಯೇ ಇಲ್ಲಿಗೆ ಬರಬೇಕೆಂದು ನಾನು ಹೇಳಲಾರೆ.

ಅಂಗಡಿಯನ್ನು ಹುಡುಕುವುದು ಮೊದಲ ಸಲ ತ್ರಾಸದ ಕೆಲಸ. ಇದು ಟೋಕಿಯೊ ನಿಲ್ದಾಣದ ಜೆಆರ್ (ಜಪಾನ್ ರೈಲ್ವೆ) ಟಿಕೆಟ್ ಗೇಟುಗಳ ಒಳಗಡೆ, ಯಾಯೆಸು ದಕ್ಷಿಣ ದ್ವಾರಕ್ಕೆ ಹತ್ತಿರದ ಕೇಯೋ ಸ್ಟ್ರೀಟ್ ಎಂಬ ಅಂಗಡಿಸಾಲಿನಲ್ಲಿದೆ. ಡಿಸ್ನಿಲ್ಯಾಂಡಿಗೆ ಹೋಗುವ ಕೇಯೋ ಮಾರ್ಗದ ಫಲಕಗಳನ್ನು ಹಿಡಿದು ನಡೆದರೆ ದಾರಿ ತಪ್ಪುವುದಿಲ್ಲ. ಆದರೆ ಅದೇ ಹುಮ್ಮಸ್ಸಿನಲ್ಲಿ ನೆಲಮಾಳಿಗೆಯ ಪ್ಲಾಟ್‌ಫಾರಂಗಳ ಉದ್ದನೆಯ ಹಾದಿಗೆ ಇಳಿದುಬಿಡಬಾರದು. ರೈಲಿನಲ್ಲಿ ಬಂದಿಳಿದವರು ಗೇಟು ದಾಟದೆ ನೇರವಾಗಿ ಇಲ್ಲಿಗೆ ಬರಬಹುದು. ಹೊರಗಿನಿಂದ ಬರುವವರು ಇನ್ನೂರು ಯೆನ್‌ಗಿಂತ ಕಡಿಮೆ ಬೆಲೆಯ ಪ್ರವೇಶ ಟಿಕೆಟ್ ಕೊಳ್ಳಬೇಕಾಗುತ್ತದೆ. ಅದರ ಅವಧಿ ಎರಡು ಗಂಟೆ, ಊಟಕ್ಕೆ ಧಾರಾಳವಾಗಿ ಸಾಕು. ಬೆಂಗಳೂರಿನಿಂದ ನೇರ ವಿಮಾನದಲ್ಲಿ ನರೀತಾಕ್ಕೆ ಬಂದು, ನರೀತಾ ಎಕ್ಸ್‌ಪ್ರೆಸ್‌ನಲ್ಲಿ ಸುಮಾರು ಒಂದು ಗಂಟೆ ಪ್ರಯಾಣಿಸಿ ಟೋಕಿಯೊ ನಿಲ್ದಾಣದಲ್ಲಿ ಇಳಿಯುವ ನಮ್ಮವರಿಗೆ ಇದಕ್ಕಿಂತ ಅನುಕೂಲದ ಮೊದಲ ಊಟ ಇನ್ನೊಂದು ಇರಲಾರದು. ಒಳಗೆ ಜಾಗ ಇಕ್ಕಟ್ಟು, ಆದ್ದರಿಂದ ದೊಡ್ಡ ಸೂಟ್‌ಕೇಸುಗಳನ್ನು ನಿಲ್ದಾಣದ ಲಾಕರಿನಲ್ಲಿಟ್ಟು ಬರುವುದು ಲೇಸು. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಸರದಿ ಉದ್ದವಾಗಿ ಬೆಳೆಯುತ್ತದೆ. ಮೂರು ಗಂಟೆಯ ಸುಮಾರಿಗೆ ಹೋದರೆ ನೆಮ್ಮದಿಯಾಗಿ ಕೂರಬಹುದು. ಒಂದು ಬಟ್ಟಲಿನ ಬೆಲೆ ಸಾವಿರ ಯೆನ್ ಆಸುಪಾಸಿನಲ್ಲಿದೆ, ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಇಂಗ್ಲಿಷ್ ಮೆನು ಇರುವುದರಿಂದ ಭಾಷೆಯ ತೊಡಕೂ ಇಲ್ಲ.

ಸರದಿಯಲ್ಲಿ ನಿಂತವರನ್ನು ಗಮನಿಸಿದರೆ ವಿದೇಶಿ ಪ್ರವಾಸಿಗಳ ನಡುವೆ ಕಚೇರಿಗೆ ಹೋಗುವ ಜಪಾನೀಯರೂ ಬಹಳ ಮಂದಿ ಕಾಣುತ್ತಾರೆ. ಅವರಲ್ಲಿ ಎಲ್ಲರೂ ಮಾಂಸ ಬಿಟ್ಟವರಿರಲಾರರು. ಹತ್ತು ಹೆಜ್ಜೆಯಾಚೆ ಮೂಳೆ ಸಾರಿನ ರಾಮೆನ್ ಸಿಗುವ ನಿಲ್ದಾಣದಲ್ಲಿ ಅವರು ಇದನ್ನು ಆರಿಸಿಕೊಂಡು ಕಾಯುತ್ತಾರೆಂಬುದು ಅಡುಗೆಯ ಗುಣಕ್ಕೆ ನನ್ನ ಮಾತಿಗಿಂತ ಬಲವಾದ ಸಾಕ್ಷಿ.

ಎಚ್ಚರಿಕೆಯ ಒಂದೆರಡು ಮಾತು. ಎಳ್ಳು, ಕಡಲೆಕಾಯಿ, ಸೋಯಾ, ಗೋದಿ ಇವುಗಳಲ್ಲಿ ಯಾವುದಾದರೂ ಒಗ್ಗದವರಿಗೆ ಈ ಅಂಗಡಿ ಹೇಳಿಮಾಡಿಸಿದ್ದಲ್ಲ. ಈರುಳ್ಳಿ ಬೆಳ್ಳುಳ್ಳಿ ಬಿಟ್ಟವರು, ವಿಶೇಷವಾಗಿ ಜೈನರು, ಪ್ರಾಣಿಜನ್ಯ ಪದಾರ್ಥವಿಲ್ಲ ಎಂಬ ಒಂದೇ ಭರವಸೆಯ ಮೇಲೆ ತರಿಸಿಕೊಳ್ಳದೆ, ಬಟ್ಟಲಿನಲ್ಲಿ ಅವು ಇವೆಯೇ ಎಂದು ಮೊದಲೇ ವಿಚಾರಿಸಬೇಕು. ರಕ್ತದೊತ್ತಡವಿರುವವರು ಸಾರನ್ನು ತಳದವರೆಗೂ ಕುಡಿಯದಿರುವುದು ಒಳಿತು. ಯಾವ ರಾಮೆನ್‌ನಲ್ಲಿಯೂ ಉಪ್ಪಿನ ಬಹುಪಾಲು ಇರುವುದು ಸಾರಿನಲ್ಲೇ.

ಟೋಕಿಯೊ ನಿಲ್ದಾಣದವರೆಗೆ ಹೋಗಲಾಗದವರಿಗೆ ಊಯೆನೊ ನಿಲ್ದಾಣದಲ್ಲಿಯೂ ಇವರ ಶಾಖೆಯಿದೆ. ಇವರದೇ ಮೂಲ ಭೋಜನಾಲಯವಾದ ಟೀಸ್ ರೆಸ್ಟೋರೆಂಟ್ ಜಿಯೂಗಾವೊಕಾ ಬಡಾವಣೆಯಲ್ಲಿ ಆರಂಭವಾದದ್ದು. ತಾನ್‌ತಾನ್ ಅಂಗಡಿ ಹುಟ್ಟಿದ್ದು ಅಲ್ಲಿಂದ. ಆ ರೆಸ್ಟೋರೆಂಟಿನ ಮಾರ್ಗದರ್ಶನದಲ್ಲಿ ಯಾಮದಾಯ್ ಎಂಬ ಕಂಪನಿ ತಯಾರಿಸುವ ತಾನ್‌ತಾನ್‌ಮೆನ್ ಕಪ್ ನೂಡಲ್ಸ್ ಜಪಾನಿನ ಅಂಗಡಿಗಳಲ್ಲಿ ಸಿಗುತ್ತದೆ. ಬಿಸಿನೀರು ಹೊಯ್ದರೆ ಸಿದ್ಧವಾಗುವ ಅದರಲ್ಲಿ ಬಟ್ಟಲಿನ ದಟ್ಟತನವನ್ನು ನಿರೀಕ್ಷಿಸಲಾಗದು, ಆದರೆ ಎಳ್ಳಿನ ಘಮ ಮಾತ್ರ ಚೆನ್ನಾಗಿ ಉಳಿದಿದೆ. ಕ್ಯೋಟೊ, ಹಿರೋಶಿಮಾ ಕಡೆಗೆ ಉದ್ದದ ಪ್ರಯಾಣ ಹೊರಡುವ ಸಸ್ಯಾಹಾರಿಗಳು ಟೋಕಿಯೊ ಬಿಡುವ ಮೊದಲೇ ಕೆಲವನ್ನು ಕೊಂಡು ಚೀಲಕ್ಕೆ ಹಾಕಿಕೊಳ್ಳಲಿ. ರಾತ್ರಿ ತಡವಾಗಿ ಊರು ಸೇರಿ ಅಂಗಡಿಗಳೆಲ್ಲ ಮುಚ್ಚಿದ್ದರೂ ಹೋಟೆಲಿನ ಕೋಣೆಯಲ್ಲಿ ಬಿಸಿನೀರಿನ ಕೆಟಲ್ ಇದ್ದೇ ಇರುತ್ತದೆ.